ಎರಡೂ ಕಡೆಯ ಮಾತು

ಕ್ಷೌರದಂಗಡಿಯಲ್ಲಿ ಎಡಗಡೆ ಕೂತಿದ್ದ ಮೋರಿಕೋಸ್ ಏನೋ ಹೇಳಿದ. ತೆಲೆಕ್ಲೆಸ್ ನಕ್ಕ. ಕೇಳಿಸದಿದ್ದಾಗ ಎದುರಿನವರ ಮುಖ ನೋಡಿ, ಹಲ್ಲು ಕಂಡರೆ ನಗುವುದು, ಹುಬ್ಬು ಗಂಟಿಕ್ಕಿದ್ದರೆ ತಲೆಯಾಡಿಸಿ ಕಾಲ ಕೆಟ್ಟುಹೋಯಿತು ಎನ್ನುವುದು ಅವನು ಏಳೆಂಟು ವರ್ಷಗಳಿಂದ ರೂಢಿಸಿಕೊಂಡ ಉಪಾಯ. ಇವತ್ತು ಕ್ಷೌರಿಕ ಗಡ್ಡ ಕತ್ತರಿಸಲೆಂದು ತಲೆಯನ್ನು ಒಂದು ಕಡೆಗೆ ಒತ್ತಿ ಹಿಡಿದಿದ್ದರಿಂದ ಮೋರಿಕೋಸನ ಮುಖ ಕಾಣುತ್ತಿರಲಿಲ್ಲ. ಬೆಳಗಿನ ಹೊತ್ತು, ಹಳೆಯ ಸ್ನೇಹಿತ, ನಗುವ ಮಾತೇ ಇದ್ದೀತು ಎಂದು ನಕ್ಕುಬಿಟ್ಟಿದ್ದ. ಕತ್ತರಿ ನಿಂತಿತು. ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಇಬ್ಬರು ತನ್ನನ್ನೇ ದಿಟ್ಟಿಸುತ್ತಿರುವುದು ಕಂಡಿತು. ಮೋರಿಕೋಸ್ ಎದ್ದು ಎದುರಿಗೆ ಬಂದು ನಿಂತ. "ನಗೋದಕ್ಕೇನಿದೆ ಅದರಲ್ಲಿ? ಫಿಲಾಗ್ರೋಸನ್ನ ನಿನ್ನೆ ಮಾರಿಬಿಟ್ರು ಅಂದೆ. ಲಾವ್ರಿಯೋನಿನ ಬೆಳ್ಳಿ ಗಣಿಯವನೊಬ್ಬ ಕೊಂಡ್ಕೊಂಡ. ಕತ್ತಿಗೆ ಹಗ್ಗ ಹಾಕಿ ನಡೆಸ್ಕೊಂಡು ಹೋದ್ರು."

ತೆಲೆಕ್ಲೆಸ್ ಯಾವುದೋ ಬೇರೆ ನೆನಪಾಗಿ ನಗು ಬಂತು ಅಂದ. ಯಾರೂ ನಂಬಲಿಲ್ಲ. ಬೆಂಚಿನ ಮೇಲಿದ್ದ ಎಣ್ಣೆ ಮಾರುವವನು ಪಕ್ಕದವನ ಕಡೆ ವಾಲಿ ಏನೋ ಅಂದ. ಆ ತುಟಿಗಳಲ್ಲಿ ‘ದಿಕಾಸ್ತೆಸ್’ ಎಂಬ ಆಕಾರ ಮಾತ್ರ ತೆಲೆಕ್ಲೆಸನಿಗೆ ಸ್ಪಷ್ಟವಾಗಿ ಕಂಡಿತು. ಮನುಷ್ಯ ತನ್ನ ಹೆಸರನ್ನು ತುಟಿಯ ಮೇಲೂ ಗುರುತಿಸುತ್ತಾನೆ. ಮೂವತ್ತು ವರ್ಷಗಳಿಂದ ಓಣಿಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಹಾಗೆಯೇ, ನ್ಯಾಯಸಭೆಯಲ್ಲಿ ಕೂತು ತೀರ್ಪಿಗೆ ಬಿಲ್ಲೆ ಹಾಕುವವನೆಂದು. ಮೋರಿಕೋಸ್ ಮತ್ತೆ ಕೂತ, ಈಗ ಬಲಗಡೆಗೆ. ಅವನು ಹೇಳಿದ್ದು ತುಂಡುತುಂಡಾಗಿ ಕೇಳಿಸಿತು. ಒಂದೇ ಮತದಲ್ಲಿ ಹೋಯಿತಲ್ಲ, ಇನ್ನೂರ ಐವತ್ತೊಂದು, ಇನ್ನೂರ ಐವತ್ತು. ನನ್ನ ಮಟ್ಟಿಗೆ ನನ್ನ ಕೈ ಶುದ್ಧ. ನಾನು ತುಂಬಿದ ಬಿಲ್ಲೆಯನ್ನೇ ಹಾಕಿದ್ದು, ಬಿಟ್ಟುಬಿಡಿ ಅಂತಲೇ ಹಾಕಿದ್ದು.

"ನೀನು ತೂತಿನ ಬಿಲ್ಲೆ ಹಾಕಿದ್ದೆ," ಅಂದ ತೆಲೆಕ್ಲೆಸ್. ಅಂದಮೇಲೆ ನಾಲಿಗೆ ಕಚ್ಚಿಕೊಂಡ. ಬೇರೆಯವರ ಬಿಲ್ಲೆಯನ್ನು ನೋಡುವಂತಿಲ್ಲ.

"ಯಾವನು ಹೇಳಿದ್ದು? ತೂತಿನದು ಬಲಗೈಲಿತ್ತು, ಮರದ ಗಡಿಗೆಗೆ ಎಸೆದೆ. ಲೆಕ್ಕಕ್ಕೆ ಬರೋದನ್ನ ಎಡಗೈಲಿ ಹಾಕ್ದೆ. ನಾನು ಎಡಚ ಅನ್ನೋದು ನಿನಗೆ ಇವತ್ತು ಗೊತ್ತಾಯ್ತಾ?"

ಕ್ಷೌರಿಕ ಮತ್ತೆ ತಲೆಯನ್ನು ಹಿಡಿದು ವಾಲಿಸಿದ. ಕತ್ತರಿ ಕಿವಿಯ ಹತ್ತಿರ ಆಡುತ್ತಿತ್ತು. ಅದರ ತಣ್ಣನೆಯ ಸ್ಪರ್ಶವಷ್ಟೇ, ಸದ್ದಿಲ್ಲ. ಐದು ದಿನಗಳ ಹಿಂದಿನ ಆ ಮಧ್ಯಾಹ್ನ, ಐನೂರ ಒಂದು ಜನ ಬೆಂಚುಗಳ ಮೇಲೆ ತೊಡೆಗೆ ತೊಡೆ ಒತ್ತಿ ಕೂತಿದ್ದಾಗ, ಫಿಲಾಗ್ರೋಸ್ ಎಂಬ ಸಣಕಲು ಮನುಷ್ಯ ಕಟ್ಟೆಯ ಮೇಲೆ ನಿಂತು ಬಾಯಿ ಆಡಿಸುತ್ತಿದ್ದ. ಅವನ ಊರಿನವರು ಪೌರರ ಪಟ್ಟಿಯಿಂದ ಅವನ ಹೆಸರು ಹೊಡೆದುಹಾಕಿದ್ದರು. ತಾಯಿ ಪರದೇಶದವಳು, ಆದ್ದರಿಂದ ಇವನು ಅಥೆನ್ಸಿನವನಲ್ಲ ಎಂದು. ಅವನು ಒಪ್ಪದೆ ನ್ಯಾಯಸಭೆಗೆ ಬಂದಿದ್ದ. ಬಂದವನು ಗೆದ್ದರೆ ಹೆಸರು ಪಟ್ಟಿಗೆ ವಾಪಸು. ಸೋತರೆ ಮನೆ ನಗರಕ್ಕೆ, ಅವನು ಗುಲಾಮರ ಕಟ್ಟೆಗೆ. ಇಷ್ಟು ತೆಲೆಕ್ಲೆಸನಿಗೆ ಗೊತ್ತಿತ್ತು, ಒಳಗೆ ಹೋಗುವ ಮೊದಲೇ ಜನ ಮಾತಾಡಿಕೊಂಡಿದ್ದರಿಂದ. ಆಮೇಲಿನದೊಂದೂ ಗೊತ್ತಿಲ್ಲ. ಮಾತಿನ ಹೊತ್ತು ಅಳೆಯುವ ನೀರಿನ ಗಡಿಗೆಯಿಂದ ಹೊತ್ತು ಸುರಿಯುತ್ತಿತ್ತು, ಮೊದಲು ಆಪಾದಿಸಿದವನ ಹೊತ್ತು, ಆಮೇಲೆ ಫಿಲಾಗ್ರೋಸನ ಹೊತ್ತು, ಎರಡೂ ಸದ್ದಿಲ್ಲದೆ. ಫಿಲಾಗ್ರೋಸ್ ಅಂಗೈಯನ್ನು ಮತ್ತೆ ಮತ್ತೆ ಬಟ್ಟೆಗೆ ಒರೆಸಿಕೊಳ್ಳುತ್ತಿದ್ದ. ಸುಳ್ಳು ಹೇಳುವವನ ಕೈ ಬೆವರುತ್ತದೆ ಎಂದು ತೆಲೆಕ್ಲೆಸ್ ಅಂದುಕೊಂಡ. ತನಗೂ ಬೆವರುತ್ತಿತ್ತು. ಕೊನೆಗೆ ನಡುವೆ ಕಡ್ಡಿಯಿದ್ದ ಎರಡು ಕಂಚಿನ ಬಿಲ್ಲೆ, ಒಂದರ ಕಡ್ಡಿ ತೂತಿನದು, ಇನ್ನೊಂದರದು ತುಂಬಿದ್ದು, ಕೈಗೆ ಬಂದಾಗ, ಮುಂದೆ ನಡೆಯುತ್ತಿದ್ದ ಮೋರಿಕೋಸನ ಬಲಗೈ ಬೆರಳ ಸಂದಿಯಲ್ಲಿ ತೂತಿನ ಕಡ್ಡಿ ಮಿಂಚಿದ್ದು ಕಂಡಿತು. ಮೋರಿಕೋಸ್ ಜಾಣ, ಅವನಿಗೆ ಕಿವಿ ಚೆನ್ನಾಗಿದೆ, ಅವನಿಗೆ ಹಾಗನ್ನಿಸಿದ್ದರೆ ಸರಿಯೇ ಇದ್ದೀತು. ತೆಲೆಕ್ಲೆಸ್ ಲೆಕ್ಕಕ್ಕೆ ಬರುವ ಕಂಚಿನ ಗಡಿಗೆಯೊಳಗೆ ತೂತಿನದನ್ನು ಬಿಟ್ಟ. ಹೆಬ್ಬೆರಳಿನ ತುದಿಗೆ ಆ ತೂತು ಒತ್ತಿದ್ದು ಇವತ್ತೂ ಒತ್ತುತ್ತಲೇ ಇತ್ತು. ಎಣಿಕೆ ಮುಗಿದು ಸಾರಿದಾಗ ಅವನಿಗೆ ಕೇಳಿಸಲಿಲ್ಲ. ಕಟ್ಟೆಯ ಪಕ್ಕ ನಿಂತಿದ್ದ ಮನುಷ್ಯನ ಮೊಣಕಾಲು ಮಡಚಿಕೊಂಡದ್ದು ಕಂಡಿತು. ಎಷ್ಟು ಅಂತರ ಎಂದು ಮೋರಿಕೋಸನನ್ನು ಕೇಳಿದ್ದಕ್ಕೆ ಅವನು ಒಂದು ಬೆರಳೆತ್ತಿ ತೋರಿಸಿದ್ದ.

ಅಂಗಡಿಯಿಂದ ಹೊರಬಿದ್ದಾಗ ಒಂದು ಕಡೆಯ ಗಡ್ಡ ಮಾತ್ರ ಕತ್ತರಿಸಿ ಆಗಿತ್ತು. ಮುಗಿಯುವ ಮೊದಲೇ ಎದ್ದುಬಿಟ್ಟಿದ್ದ. ಪೇಟೆಯಲ್ಲಿ ಈರುಳ್ಳಿಯವರು, ಮೀನಿನವರು ಬಾಯಿ ತೆರೆದು ಮುಚ್ಚುತ್ತಿದ್ದರು. ನಲವತ್ತು ವರ್ಷ ದೇವಸ್ಥಾನದ ಗುಡ್ಡದ ಕೆಳಗೆ ಕಂಚು ಬಡಿದ ಕಿವಿಗಳು ಇವು. ಮೊದಲು ಹಕ್ಕಿಗಳು ಹೋದವು, ಆಮೇಲೆ ಹೆಂಗಸರ ದನಿ, ಆಮೇಲೆ ದೂರದವರ ಮಾತು. ಎಡಗಿವಿ ಪೂರ್ತಿ ಹೋಗಿ ಆರು ವರ್ಷ. ಕುಲುಮೆಯನ್ನು ಮಗ ಕೈರಿಪ್ಪೋಸನಿಗೆ ಬಿಟ್ಟ ಮೇಲೆ ಅವನಿಗೆ ಉಳಿದದ್ದು ದಿಕಾಸ್ತೆಸ್ ಎಂಬ ಆ ಒಂದು ಶಬ್ದವೇ. ಮನೆಯಲ್ಲಿ ಸೊಸೆ ಲಿಸಿಲ್ಲಾ ಜವೆಗೋಧಿ ರೊಟ್ಟಿಯ ಮೊದಲ ತುಂಡನ್ನು ಅವನ ಮುಂದಿಡುತ್ತಿದ್ದುದು ಮಾವ ಎಂದಲ್ಲ. ಪಕ್ಕದ ಮನೆಯವಳಿಗೆ ಅವಳು ಹೇಳುತ್ತಿದ್ದುದು ಅವನಿಗೊಮ್ಮೆ ಕೇಳಿಸಿತ್ತು, ಬಲಗಿವಿಗೆ ಇನ್ನೂ ಚೆನ್ನಾಗಿ ಕೇಳಿಸುತ್ತಿದ್ದ ಕಾಲದಲ್ಲಿ: ನಮ್ಮ ಮನೆಯಲ್ಲಿ ದಿಕಾಸ್ತೆಸ್ ಇದ್ದಾರೆ, ಬೆಳಗಾಗೆದ್ದು ಹೋಗಬೇಕು ಅವರಿಗೆ. ಅವತ್ತು ಅವನು ಗೋಡೆಗೆ ಒರಗಿ ಬಹಳ ಹೊತ್ತು ಸುಮ್ಮನೆ ಕೂತಿದ್ದ, ಸಂತೋಷಕ್ಕೆ. ಕಿವಿ ಹೋಗಿದೆ ಎಂದು ಗೊತ್ತಾದರೆ ಅದೂ ಹೋಗುತ್ತದೆ. ಮೂಲೆಯಲ್ಲಿ ಕೂತು ಉಣ್ಣುವ ಮುದುಕನೊಬ್ಬ ಉಳಿಯುತ್ತಾನೆ.

ಅವನಿಗೆ ಆ ಶಬ್ದದಲ್ಲಿ ದೊಡ್ಡದೇನೂ ಇಲ್ಲವೆಂದೂ ಗೊತ್ತಿತ್ತು. ದಿಕಾಸ್ತೆಸ್ ಎಂದರೆ ಓದಿದವನಲ್ಲ, ಯಾರೋ ನೇಮಿಸಿದ ದೊಡ್ಡ ಮನುಷ್ಯನಲ್ಲ. ಮೂವತ್ತು ದಾಟಿ, ಆಣೆ ಮಾಡಿ, ಚೀಟಿಯಲ್ಲಿ ಹೆಸರು ಎದ್ದವನು. ಚಮ್ಮಾರ, ಕುಂಬಾರ, ಕಂಚುಗಾರ. ಕುಣಿತಕ್ಕೋ ಹಾಡಿಗೋ ಬಹುಮಾನ ಕೊಡುವವನಿಗೆ ಬೇರೆ ಶಬ್ದವಿದೆ, ಅವನು ಕ್ರಿತೆಸ್, ಅವನ ತೀರ್ಪು ತಪ್ಪಿದರೆ ಒಬ್ಬ ಹಾಡುಗಾರನ ಮುಖ ಸಪ್ಪಗಾಗುತ್ತದೆ ಅಷ್ಟೆ. ಓಣಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವ ಮೇಷ್ಟ್ರು ಒಂದು ಸಲ ಮರಳ ಮೇಲೆ ಕಡ್ಡಿಯಿಂದ ಬರೆದು ತೋರಿಸಿದ್ದರು. ದಿಕೆ ಅಂದರೆ ನ್ಯಾಯ, ದಿಖಾ ಅಂದರೆ ಎರಡಾಗಿ. ಸರಿಸಮ ಎರಡಾಗಿ ಸೀಳುವವನೇ ದಿಕಾಸ್ತೆಸ್, ನೋಡಿ ತೆಲೆಕ್ಲೆಸ್, ಒಂದು ಅಕ್ಷರದ ಉಸಿರು ಹೆಚ್ಚು ಕಡಿಮೆ, ಅಷ್ಟೇ. ಅವತ್ತು ಆ ಮಾತು ಅವನಿಗೆ ಬಹಳ ಹಿಡಿಸಿತ್ತು, ಲೋಹವನ್ನು ಸರಿಯಾಗಿ ಎರಡು ಮಾಡುವ ಕಷ್ಟ ಅವನಿಗೆ ಗೊತ್ತಿದ್ದದ್ದೇ. ಮೊಮ್ಮಗಳು ಹಾಗಂದರೇನಜ್ಜ ಎಂದು ಕೇಳಿದಾಗ ಮಾತ್ರ ಈ ಸೀಳುವ ಮಾತು ಹೇಳಬೇಕೆನ್ನಿಸಲಿಲ್ಲ. ಕೇಳುವವನು ಅಂತ ಮಗಾ, ಎರಡೂ ಕಡೆಯ ಮಾತನ್ನ ಒಂದೇ ಸಮ ಕೇಳುವವನು, ಅಂದಿದ್ದ. ಆಣೆಯಲ್ಲಿ ಇದ್ದದ್ದೂ ಅದೇ. ಪ್ರತಿ ವರ್ಷ ಗುಡ್ಡದ ಮೇಲೆ ಕೈಯೆತ್ತಿ ನಿಂತು, ಪಕ್ಕದವರ ಬಾಯಿ ನೋಡಿಕೊಂಡು, ಅವರು ನಿಲ್ಲಿಸಿದಾಗ ತಾನೂ ನಿಲ್ಲಿಸಿ, ಎರಡೂ ಕಡೆಯ ಮಾತನ್ನು ಸಮನಾಗಿ ಕೇಳುತ್ತೇನೆ ಎಂದು ಅವನು ಹೇಳುತ್ತಲೇ ಬಂದಿದ್ದ.

ಕಾಲು ಅವನನ್ನು ನ್ಯಾಯಸಭೆಯ ಅಧಿಕಾರಿಗಳ ಕಚೇರಿಗೆ ತಂದಿತ್ತು. ಬಾಗಿಲಲ್ಲಿ ಕೂತ ಗುಮಾಸ್ತ ಕೇಳಿದ್ದೇನೋ ತಿಳಿಯಲಿಲ್ಲ. ತೆಲೆಕ್ಲೆಸ್ ಹೌದೆಂದು ತಲೆಯಾಡಿಸಿದ. ಗುಮಾಸ್ತ ಎದ್ದು, ಹಿಂದೆ ನಿಂತವರಿಗೆಲ್ಲ ಕೇಳಿಸುವಂತೆ, ಸಭೆಯಲ್ಲಿ ಕೂತ ಕೂಲಿ ಕೊಡುವುದು ಇಲ್ಲಲ್ಲ ಅಜ್ಜ, ಸಭೆ ಮುಗಿದ ಮೇಲೆ ಅಲ್ಲೇ, ಎಂದು ಕೂಗಿದ. ಹಿಂದಿದ್ದವರು ನಕ್ಕಿರಬೇಕು. ಕೂಲಿಗೆ ಬಂದದ್ದಲ್ಲ ಎಂದು ಹೇಳಲು ತೆಲೆಕ್ಲೆಸ್ ಹೆಣಗಿದ. ಒಬ್ಬ ದಿಕಾಸ್ತೆಸ್, ಒಂದು ವ್ಯಾಜ್ಯದಲ್ಲಿ, ಸರಿಯಾಗಿ ವಿಷಯ ತಿಳಿಯದೆ ಬಿಲ್ಲೆ ಹಾಕಿದ್ದರೆ, ಆಮೇಲೆ ಅವನಿಗೆ ತಪ್ಪು ಅನ್ನಿಸಿದರೆ, ಅವನು ಎಲ್ಲಿ ಹೇಳಿಕೊಳ್ಳಬೇಕು. ನನ್ನ ಸ್ನೇಹಿತನ ವಿಷಯ, ಅಂತ ಸೇರಿಸಿದ. ಸೇರಿಸಿದ್ದಕ್ಕೆ ಇನ್ನಷ್ಟು ಹೇಸಿಕೆಯಾಯಿತು. ಗುಮಾಸ್ತ ಅವನ ಅರ್ಧ ಗಡ್ಡವನ್ನು ನೋಡಿದ. ಕೆಟ್ಟ ಮನುಷ್ಯನೇನಲ್ಲ, ಹತ್ತಿರ ಬಂದು, ಬಲಗಿವಿಯ ಬಳಿ ಬಗ್ಗಿದ.

"ದಂಡನಾಯಕ ವರ್ಷದ ಕೊನೆಗೆ ಉತ್ತರ ಕೊಡಬೇಕು. ಪೇಟೆಯ ತೂಕ ನೋಡೋನು ಕೊಡಬೇಕು. ಗುಡಿಯ ಪೂಜಾರಿನೂ ಕೊಡಬೇಕು. ದಿಕಾಸ್ತೆಸ್ ಒಬ್ಬನೇ ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಅವನು ಯಾಕೆ ಹಾಕ್ದ, ಏನು ತಿಳ್ಕೊಂಡು ಹಾಕ್ದ, ಯಾರೂ ಕೇಳೋ ಹಾಗಿಲ್ಲ. ನಿಮ್ಮ ಸ್ನೇಹಿತಂಗೆ ಹೇಳಿ, ನೆಮ್ಮದಿಯಾಗಿ ಮಲಕ್ಕೊಳ್ಳಲಿ."

ಯಾರೂ ಕೇಳೋ ಹಾಗಿಲ್ಲ. ಹೊರಗೆ ಬಿಸಿಲು ಕಲ್ಲುಗಳ ಮೇಲೆ ಬೆಳ್ಳಗೆ ಬಿದ್ದಿತ್ತು. ಆ ಒಂದು ಶಬ್ದದೊಳಗೆ ಇಂಥ ಕತ್ತಲೆ ಇದೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಅಥವಾ ಹೇಳಿದ್ದರೋ ಏನೋ, ಕೇಳಿಸಿರಲಿಲ್ಲ. ಯಾರಾದರೂ ಬಂದು ಎದೆಯ ಬಟ್ಟೆ ಹಿಡಿದು ಯಾಕೆ ಹಾಗೆ ಮಾಡಿದೆ ಎಂದು ಕೇಳಿದ್ದರೆ, ಒಂದು ಏಟು ಹಾಕಿದ್ದರೆ, ಮನೆಗೆ ಹೋಗಿ ಊಟ ಮಾಡಬಹುದಿತ್ತು. ಫಿಲಾಗ್ರೋಸನ ಹೆಂಡತಿ ಹೇದೀಲೆ ಅಣ್ಣನ ಮನೆ ಸೇರಿದ್ದಾಳೆ, ಸ್ಕಂಬೋನಿದೈ ಕೇರಿಯಲ್ಲಿ, ಎಂದು ಯಾರೋ ಅಂದಿದ್ದು ನೆನಪಿತ್ತು. ಅವನು ಆ ಕಡೆ ಹೊರಟ. ಯಾಕೆ ಹೊರಟೆನೆಂದು ತನಗೆ ತಾನೇ ಹೇಳಿಕೊಳ್ಳಲಿಲ್ಲ. ಮೂರು ಕಡೆ ದಾರಿ ಕೇಳಿದ. ಮೂರು ಕಡೆಯೂ ಅವರು ಹೇಳಿದ್ದು ಅರ್ಥವಾಗದೆ, ಇನ್ನೊಮ್ಮೆ ಕೇಳಲು ನಾಚಿಕೆಯಾಗಿ, ಗೊತ್ತಾಯಿತು ಎಂಬಂತೆ ಕೈಯೆತ್ತಿ, ಅವರ ಕೈ ತೋರಿಸಿದ ದಿಕ್ಕಿಗೆ ನಡೆದು, ಮುಂದಿನ ತಿರುವಿನಲ್ಲಿ ಮತ್ತೆ ದಾರಿ ತಪ್ಪಿದ. ಒಂದು ಸಲ ಅದೇ ಬಾವಿಯ ಹತ್ತಿರ ಎರಡನೆಯ ಬಾರಿ ಬಂದು ನಿಂತಾಗ ನೀರು ಸೇದುತ್ತಿದ್ದ ಹೆಂಗಸು ಅವನನ್ನು ಗುರುತು ಹಿಡಿದು, ಏನೂ ಹೇಳದೆ, ಕೊಡ ಇಳಿಸಿ, ಮುಂದೆ ಮುಂದೆ ನಡೆದು ಒಂದು ಓಣಿಯ ಬಾಯಿಗೆ ತಂದು ಬಿಟ್ಟಳು.

ಮೂರನೆಯ ಮನೆಯ ಹೊಸ್ತಿಲ ಮೇಲೆ ಒಬ್ಬಳು ಬೇಳೆ ಆರಿಸುತ್ತ ಕೂತಿದ್ದಳು, ಪಕ್ಕದಲ್ಲಿ ಹತ್ತು ವರ್ಷದ ಹುಡುಗಿ. ಆ ಹೆಂಗಸು ಕೂದಲನ್ನು ಸಾವಿನ ಮನೆಯವರ ಹಾಗೆ ಕತ್ತರಿಸಿಕೊಂಡಿದ್ದಳು. ಹೇದೀಲೆ ಎಂದರೆ ನೀನೇನಾ ಎಂದು ಅವನು ಕೇಳಿದ. ಅವಳು ತಲೆಯೆತ್ತಿ ಏನೋ ಅಂದಳು. ಯಾರು ನೀವು ಎಂದು ಇರಬಹುದು. ಅವನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳನ್ನು ಒಂದೇ ಉಸಿರಿಗೆ ಬಿಟ್ಟ. ನಾನು ಅವತ್ತು ಆ ಐನೂರ ಒಂದರಲ್ಲಿದ್ದೆ. ತೂತಿನದನ್ನು ಹಾಕಿದ್ದು. ಒಂದು ಮತದಲ್ಲಿ ಹೋಯಿತಲ್ಲ. ಅವಳು ಬೇಳೆಯ ಮೊರವನ್ನು ಪಕ್ಕಕ್ಕಿಟ್ಟಳು. ಮಾತಾಡಿದಳು. ಬಹಳ ಹೊತ್ತು ಮಾತಾಡಿದಳು, ಕಣ್ಣು ಬೇಳೆಯ ಮೇಲೆ, ಒಂದು ಕೈಯಿಂದ ಮಗುವಿನ ಭುಜ ಹಿಡಿದುಕೊಂಡು. ಅವನಿಗೆ ಒಂದು ಶಬ್ದವೂ ಸಿಗಲಿಲ್ಲ. ಹುಬ್ಬು ಗಂಟಿಕ್ಕಿದ್ದವು. ಅವನು ತಲೆಯಾಡಿಸಿದ. ತಲೆಯಾಡಿಸಿ, ಹೌದಮ್ಮಾ, ಕಾಲ ಕೆಟ್ಟುಹೋಯಿತು, ಅಂದ.

ಅವಳು ಮಾತು ನಿಲ್ಲಿಸಿದಳು. ಅವನನ್ನು ನೋಡಿದಳು, ಅವನ ಕಣ್ಣು ತನ್ನ ಬಾಯಿಯ ಮೇಲೆ ನೆಟ್ಟಿದ್ದನ್ನು. ಆಮೇಲೆ ಎದ್ದು ಬಂದಳು. ಪರ ಗಂಡಸನ್ನು ಮುಟ್ಟುತ್ತಿದ್ದೇನೆಂಬ ಅಳುಕೇ ಇಲ್ಲದೆ ಅವನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ತನ್ನ ಮುಖವನ್ನು ಅದರ ಎದುರು ತಂದಳು. ತುಟಿಗಳನ್ನು ನಿಧಾನವಾಗಿ, ಪೂರ್ತಿಯಾಗಿ ಬಿಡಿಸಿ ಹೇಳಿದಳು. ಒಂದೊಂದು ಶಬ್ದಕ್ಕೂ ಇನ್ನೊಂದು ಕೈಯ ಬೆರಳು ಸಣ್ಣಗೆ ಅಲುಗುತ್ತಿತ್ತು.

"ನಿನಗೆ ಕಿವಿ ಕೇಳಿಸಲ್ಲ."

ಆರು ವರ್ಷಗಳಲ್ಲಿ ಯಾವ ಮಾತೂ ಅವನೊಳಗೆ ಇಷ್ಟು ಸಲೀಸಾಗಿ ಇಳಿದಿರಲಿಲ್ಲ. ಅವನು ಇಲ್ಲ ಎಂದ. ಕೇಳಿಸಲ್ಲ ಎಂದ. ಅವಳು ಅವನನ್ನು ಹೊಸ್ತಿಲ ಮೇಲೆ ಕೂರಿಸಿ, ಎದುರಿಗೆ ಮಣ್ಣಿನಲ್ಲೇ ಕೂತು, ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಹೀಗೆ ಮಾತಾಡುವುದನ್ನು ಎಲ್ಲಿ ಕಲಿತೆ ಎಂದು ಅವನು ಕೇಳಬೇಕಾಗಲಿಲ್ಲ, ಕಥೆಯಲ್ಲೇ ಅದಿತ್ತು. ಫಿಲಾಗ್ರೋಸನ ತಾಯಿ ಕಾಲಿಸ್ತೆ ಇದೇ ಓಣಿಯಲ್ಲಿ ಹುಟ್ಟಿದವಳು. ಅವಳ ಅಪ್ಪ ಅಮಿನಿಯಾಸನ ಸಮಾಧಿಗಲ್ಲು ಊರ ಬಾಗಿಲಿನ ಹೊರಗೆ ಇನ್ನೂ ಇದೆ, ಹೆಸರು ಓದಬಹುದು. ಮೂರು ವರ್ಷದವಳಿದ್ದಾಗ ಜ್ವರ ಬಂದು ಕಿವಿ ಹೋಯಿತು, ಮಾತು ಕಲಿಯಲೇ ಇಲ್ಲ. ಗಂಟಲಿನಿಂದ ಒಂದಿಷ್ಟು ಸದ್ದು ಮಾಡುತ್ತಿದ್ದಳು, ಕೈಯಲ್ಲಿ ಹೇಳುತ್ತಿದ್ದಳು. ಮದುವೆಯಾಗಿ ಗಂಡನ ಊರಿಗೆ ಹೋದ ಮೇಲೆ ಅಲ್ಲಿಯವರು ಅವಳ ಬಾಯಲ್ಲಿ ನಮ್ಮ ಭಾಷೆಯ ಒಂದು ಶಬ್ದವನ್ನೂ ಕೇಳಲಿಲ್ಲ. ಅಷ್ಟೇ ಅವರ ಸಾಕ್ಷಿ. ನೀರುಗಾಲುವೆಯ ಜಗಳಕ್ಕೆ ಹಗೆ ಹಿಡಿದಿದ್ದ ಒಬ್ಬ ಅದನ್ನೇ ಎತ್ತಿಕೊಂಡ. ನಾನು ಹನ್ನೊಂದು ವರ್ಷ ಅತ್ತೆಯ ಜೊತೆ ಒಂದೇ ಮಗ್ಗದ ಮುಂದೆ ಕೂತವಳು, ಅಂದಳು ಹೇದೀಲೆ. ಅವಳಷ್ಟು ಮಾತಾಡುವವಳನ್ನು ನಾನು ನೋಡಿಲ್ಲ. ಇಬ್ಬರು ದಾಯಾದಿಗಳು ಬಂದು ಕಟ್ಟೆಯ ಮೇಲೆ ನಿಂತು ಆಣೆ ಮಾಡಿದರು, ಇವಳು ಅಮಿನಿಯಾಸನ ಮಗಳೇ ಅಂತ. ನನ್ನ ಗಂಡ ಇದನ್ನೆಲ್ಲ ಹೇಳಿದ. ನೀನು ಅಲ್ಲೇ ಕೂತಿದ್ದೆ.

"ಅವನು ಅತ್ತೆ ಮಾತಾಡೋ ಹಾಗೆ ಮಾಡಿ ತೋರಿಸಿದನಂತೆ, ಆ ಆಪಾದನೆ ಮಾಡಿದವನು. ಬಾಯಿ ಸೊಟ್ಟ ಮಾಡಿ, ಕೈ ಆಡಿಸಿ. ನನ್ನ ಅಣ್ಣ ಬೇಲಿಯ ಹೊರಗೆ ನಿಂತು ನೋಡಿದ. ಎಲ್ಲರೂ ನಕ್ಕರಂತೆ. ನೀನು ನಕ್ಕೆಯಾ?"

ತೆಲೆಕ್ಲೆಸನಿಗೆ ನೆನಪಾಯಿತು. ಕಟ್ಟೆಯ ಮೇಲಿನ ಆ ದಪ್ಪ ಮನುಷ್ಯ ಬಾತುಕೋಳಿಯ ಹಾಗೆ ಕತ್ತು ಚಾಚಿದ್ದ; ಯಾವನೋ ಕುಡುಕನನ್ನು ಅಣಕಿಸುತ್ತಿದ್ದಾನೆ ಎಂದುಕೊಂಡಿದ್ದ. ಸುತ್ತಲಿನ ಬೆಂಚುಗಳೆಲ್ಲ ಕುಲುಕಾಡಿದ್ದವು. ಮಧ್ಯಾಹ್ನವೆಲ್ಲ ಏನೂ ಅರ್ಥವಾಗದೆ ಬೆನ್ನು ನೋಯಿಸಿಕೊಂಡು ಕೂತವನಿಗೆ ಅದೊಂದೇ ಅರ್ಥವಾಗಿತ್ತು, ಎಲ್ಲರ ಜೊತೆಗೂ ಸೇರಿಕೊಳ್ಳಲು ಸಿಕ್ಕ ಒಂದೇ ಸಂದರ್ಭ. ತೊಡೆ ತಟ್ಟಿಕೊಂಡು ನಕ್ಕಿದ್ದ. ಮೋರಿಕೋಸನ ಬೆನ್ನಿಗೂ ಒಂದು ಗುದ್ದಿದ್ದ. ಆಗ ಫಿಲಾಗ್ರೋಸ್ ಬೆಂಚುಗಳ ಕಡೆ ತಿರುಗಿ ನೋಡಿದ್ದ, ಒಂದು ಕ್ಷಣ ಇವನನ್ನೇ. ತನ್ನ ತಾಯಿಗೆ ಇದ್ದಂಥವೇ ಕಿವಿಗಳು ಆ ನಗುವ ತಲೆಯ ಎರಡು ಪಕ್ಕದಲ್ಲಿ ಇವೆಯೆಂದು ಆ ಮನುಷ್ಯನಿಗೆ ಹೇಗೆ ಗೊತ್ತಾಗಬೇಕು. ಗೊತ್ತಾಗಬಾರದೆಂದೇ ಅಲ್ಲವೆ ಇವನು ನಕ್ಕದ್ದು.

"ನಕ್ಕೆ," ಅಂದ.

ಹುಡುಗಿ ಅಮ್ಮನನ್ನು ನೋಡಿ ಕೈಯಲ್ಲೇನೋ ಕೇಳಿದಳು, ಅಜ್ಜಿಯಿಂದ ಕಲಿತದ್ದಿರಬೇಕು. ಹೇದೀಲೆ ಕೈಯಲ್ಲೇ ಉತ್ತರ ಕೊಟ್ಟಳು. ಅವನ ಎದುರಿನಲ್ಲೇ ಅವನ ಬಗ್ಗೆ ಮಾತು ನಡೆಯಿತು. ಮಗು ಅವನ ಕಿವಿಯನ್ನು, ಆಮೇಲೆ ಅರ್ಧ ಗಡ್ಡವನ್ನು ನೋಡಿತು. ಅವನು ಬೈಗಳಿಗೆ ಕಾಯುತ್ತಿದ್ದ, ಏಟಿಗೂ. ಅದಕ್ಕೇ ಬಂದದ್ದು ಎಂದು ಈಗ ಗೊತ್ತಾಗುತ್ತಿತ್ತು. ಬೈಸಿಕೊಂಡು ಹಗುರಾಗಿ ಹೋಗಿಬಿಡಬೇಕೆಂದು, ಇವಳ ದುಃಖದಲ್ಲಿ ಕೈ ತೊಳೆದುಕೊಂಡು ಹೋಗಬೇಕೆಂದು. ಅದು ಗೊತ್ತಾದ ಮೇಲೆ ಇನ್ನೊಂದು ಸಲ ನಾಚಿಕೆಯಾಯಿತು, ಮೊದಲಿನದಕ್ಕಿಂತ ಕೆಳಗಿನ ಯಾವುದೋ ಜಾಗದಲ್ಲಿ.

ಹೇದೀಲೆ ಬೈಯಲಿಲ್ಲ. ಮತ್ತೆ ಅವನ ಗದ್ದ ಹಿಡಿದಳು. "ಈಗ ಎರಡೂ ಕಡೆಯದು ಕೇಳಿದೆ. ಹೇಳು. ಏನು ನಿನ್ನ ತೀರ್ಪು?"

"ಅವನು ಅಥೆನ್ಸಿನವನೇ," ಅಂದ ತೆಲೆಕ್ಲೆಸ್.

"ಗಟ್ಟಿಯಾಗಿ ಹೇಳು."

ಅವನಿಗೆ ತನ್ನ ದನಿಯ ಅಳತೆ ತಪ್ಪಿ ಬಹಳ ಕಾಲವಾಗಿತ್ತು. ಗಟ್ಟಿಯಾಗಿ ಮಾತಾಡಿದರೆ ಗುಟ್ಟು ಬಯಲಾದೀತೆಂದು ಮೆಲ್ಲಗೇ ಮಾತಾಡುತ್ತಿದ್ದ. ಸ್ವಲ್ಪ ಎತ್ತರಿಸಿ ಹೇಳಿದ. ಅವಳು ಸಾಲದೆಂದು ತಲೆ ಅಲ್ಲಾಡಿಸಿದಳು. ಅವನು ಎದ್ದು ನಿಂತ. ಎದೆ ತುಂಬ ಉಸಿರೆಳೆದು ಓಣಿಯ ಕಡೆ ತಿರುಗಿ ಕೂಗಿದ: ಫಿಲಾಗ್ರೋಸ್ ಅಥೆನ್ಸಿನವನು, ಅವನ ತಾಯಿ ಅಮಿನಿಯಾಸನ ಮಗಳು, ನಾನು ದಿಕಾಸ್ತೆಸ್, ನಾನು ಕಿವುಡ, ಒಂದು ಮಾತೂ ಕೇಳಿಸಿಕೊಳ್ಳದೆ ಅವನನ್ನು ಮಾರಿದೆ. ಕೂಗು ಗಂಟಲಲ್ಲಿ ಒಡೆಯಿತು, ಮತ್ತೆ ಕೂಗಿದ. ಎದುರು ಮನೆಯ ಬಾಗಿಲು ತೆರೆಯಿತು. ಮೇಲಿನ ಕಿಟಕಿಯಲ್ಲಿ ಒಬ್ಬ ಮುದುಕಿ. ಬಾವಿಯ ಹೆಂಗಸು ಕೊಡ ಹಿಡಿದು ಓಣಿಯ ತುದಿಯಲ್ಲಿ ನಿಂತುಬಿಟ್ಟಿದ್ದಳು. ಚಮ್ಮಾರನೊಬ್ಬ ಕೈಯಲ್ಲಿ ಜೋಡು ಹಿಡಿದುಕೊಂಡೇ ಹೊರಗೆ ಬಂದ. ಅವರ ಬಾಯಿಗಳು ಆಡುತ್ತಿದ್ದವು, ಯಾರು ಬೈಯುತ್ತಿದ್ದಾರೆ, ಯಾರು ನಗುತ್ತಿದ್ದಾರೆ ಅವನಿಗೆ ತಿಳಿಯಲಿಲ್ಲ, ತಿಳಿದುಕೊಳ್ಳಲು ಅವರ ಮುಖಗಳನ್ನು ಹುಡುಕಲೂ ಇಲ್ಲ. ಇಷ್ಟರಿಂದ ಲಾವ್ರಿಯೋನಿನ ಸುರಂಗದಿಂದ ಯಾರೂ ಹಿಂತಿರುಗಿ ಬರುವುದಿಲ್ಲವೆಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವನು ಮತ್ತೆ ಹೊಸ್ತಿಲ ಮೇಲೆ ಕೂರಲು ಹೋದ.

ಹೇದೀಲೆ ಅವನ ತೋಳು ಹಿಡಿದು ನಿಲ್ಲಿಸಿದಳು. ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಒಂದೊಂದು ಶಬ್ದವನ್ನೂ ಬಿಡಿಸಿ ಬಿಡಿಸಿ ಹೇಳಿದಳು:

"ಈ ಓಣಿಯವರು ಕೇಳಿದರು. ಉಳಿದ ಐನೂರು ಜನ ಇನ್ನೂ ಕೇಳಿಲ್ಲ."

ತೆಲೆಕ್ಲೆಸ್ ಗೋಡೆಗೆ ಒರಗಿಸಿದ್ದ ತನ್ನ ಊರುಗೋಲನ್ನು ತಡಕಿ ಹಿಡಿದುಕೊಂಡ. ಹುಡುಗಿ ಮುಂದೆ, ಅವಳ ಹಿಂದೆ ಹೇದೀಲೆ, ಬೇಳೆಯ ಮೊರವನ್ನು ಹಾಗೇ ಬಿಟ್ಟು, ಪೇಟೆಯ ದಾರಿ ಹಿಡಿದರು. ಅವನು ಅವರ ಹಿಂದೆ ನಡೆದ.